ಮೇವಿಗೆ ಬಣವೆ ಉಂಟು, ಒಲೆಗೇಕೆ ಇಲ್ಲ?



ಝಳಕಿಯ ಆಸುಪಾಸಿನ ಯಾವ ಊರಿಗೆ ಹೋದರೂ ಒಕ್ಕಲುತನದ ಅಚ್ಚುಕಟ್ಟನ್ನು ಬಣವೆ ನೋಡಿಯೇ ಹೇಳಬಹುದು. ಹಿಂಗಾರಿ ಬಿಳಿಜೋಳದ ಕಣಿಕೆಯನ್ನು ಸಿವುಡು ಕಟ್ಟುತ್ತೀರಿ. ಎರೆಮಣ್ಣಿನ ತೇವ ಏರದಂತೆ ಅಡಿಗೆ ಕಲ್ಲು ಇಡುತ್ತೀರಿ. ಮಳೆಯ ನೀರು ಒಳಗಿಳಿಯದೆ ಜಾರಿ ಹೋಗುವಂತೆ ಮೇಲೆ ಇಳಿಜಾರು ತೆಗೆದು ಒಟ್ಟುತ್ತೀರಿ. ಬೂಷ್ಟು ಹಿಡಿದ ಸಿವುಡನ್ನು ಎತ್ತಿನ ಮುಂದೆ ಹಾಕುವುದಿಲ್ಲ. ಮಳೆ ಕೈಕೊಟ್ಟು ಬಾಡಿದ ಎಳೆಜೋಳಕ್ಕೆ ದನ ಬಾಯಿ ಹಾಕಿದರೆ ವಿಷವೇರುತ್ತದೆ ಎಂಬುದು ನಿಮ್ಮ ಮನೆಯ ಸಣ್ಣ ಹುಡುಗನಿಗೂ ಗೊತ್ತು.

ಈಗ ಅದೇ ಮನೆಯ ಹಿತ್ತಲಿಗೆ ಬಂದು ಉರುವಲು ನೋಡಿರಿ. ಗೋಡೆಗೆ ಒರಗಿಸಿದ ಅರ್ಧ ಹೊರೆ ತೊಗರಿ ಕಟ್ಟಿಗೆ. ಅದರ ಮೇಲೆ ನಿನ್ನೆ ಕಡಿದು ತಂದ ಹಸಿ ಬಳ್ಳಾರಿ ಜಾಲಿ. ಪಕ್ಕದಲ್ಲಿ ಮುರಿದ ಪ್ಲೈವುಡ್ ಬಾಗಿಲು, ತೋಟದಿಂದ ಬಂದ ದ್ರಾಕ್ಷಿ ಕಡ್ಡಿ, ಹೊತ್ತಿಸಲಿಕ್ಕೆ ಹರಿದ ಗೊಬ್ಬರದ ಚೀಲ. ಎತ್ತು ತಿನ್ನುವುದನ್ನು ಕೈಯಲ್ಲಿ ಹಿಡಿದು ನೋಡಿ ಹಾಕುವ ನಾವು ಒಲೆ ತಿನ್ನುವುದನ್ನು ನೋಡುವುದಿಲ್ಲ. ನನ್ನ ತಕರಾರು ಇಷ್ಟೇ: ಉರುವಲನ್ನು ಆರಿಸುವುದು, ಸೀಳುವುದು, ಒಣಗಿಸಿ ಒಟ್ಟುವುದು ಒಕ್ಕಲುತನದ ಕೆಲಸ, ಗಂಡಸರು ಸುಗ್ಗಿಯ ಜೊತೆಗೇ ಮಾಡಿ ಮುಗಿಸತಕ್ಕ ಕೆಲಸ. ನಾವು ಅದನ್ನು ಮಳೆಗಾಲದ ಮುಂಜಾನೆ ಕೈಗೆ ಸಿಕ್ಕಿದ್ದನ್ನು ಒಲೆಗೆ ತುರುಕಬೇಕಾದ ಹೆಣ್ಣುಮಕ್ಕಳ ಪಾಲಿಗೆ ಬಿಟ್ಟಿದ್ದೇವೆ. ಹೊಗೆಯೂ ಅವರ ಪಾಲಿಗೇ.

'ಈಗ ಮನೆ ಮನೆಗೆ ಗ್ಯಾಸು ಬಂದಿದೆಯಲ್ಲ, ಇನ್ನೆಲ್ಲಿಯ ಕಟ್ಟಿಗೆ?' ಎನ್ನುವಿರಿ. ಬಂದಿದೆ, ನಿಜ. 2016ರ ಮೇ ತಿಂಗಳಲ್ಲಿ ಉಜ್ವಲಾ ಯೋಜನೆ ಶುರುವಾದ ಮೇಲೆ ಬಡವರ ಮನೆಗೂ ಸಿಲಿಂಡರ್ ಹೊಕ್ಕಿತು. ಆದರೆ ಚಹಾ, ಪಲ್ಯ ಅದರ ಮೇಲೆ ಆದರೂ ಹತ್ತು ಜನರ ರೊಟ್ಟಿ, ಬಚ್ಚಲಿನ ಹಂಡೆಯ ನೀರು, ಹಬ್ಬ ಹುಣ್ಣಿಮೆಯ ಹೂರಣ ಇವೆಲ್ಲ ಇನ್ನೂ ಎಷ್ಟೋ ಮನೆಗಳಲ್ಲಿ ಕಟ್ಟಿಗೆಯ ಒಲೆಯ ಮೇಲೆಯೇ ಆಗುತ್ತವೆ. ಸಿಲಿಂಡರ್ ತುಂಬಿಸುವ ರೊಕ್ಕ ಇಲ್ಲದ ತಿಂಗಳು ಚಹಾವೂ ಅಲ್ಲಿಯೇ. ಕಟ್ಟಿಗೆ ಉರಿಯುವ ತನಕ ಅದರ ವಿಚಾರವನ್ನೂ ಮಾಡಲೇಬೇಕು.

ಹೊಗೆಯನ್ನು ನಾವು ಹಗುರವಾಗಿ ಎಣಿಸುತ್ತೇವೆ. ಮನೆಯೊಳಗಿನ ಒಲೆಯ ಹೊಗೆಯಿಂದ 2020ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅದರಲ್ಲಿ ಐದು ವರ್ಷದೊಳಗಿನ ಕೂಸುಗಳೂ ಸೇರಿವೆ. ತಾಯಿ ರೊಟ್ಟಿ ಬಡಿಯುವಾಗ ಮಗ್ಗುಲಲ್ಲಿ ಮಲಗಿರುವ ಕೂಸಿಗೂ ಅದೇ ಗಾಳಿ. ಹಿಂದಿನ ಮಾಳಿಗೆ ಮನೆಗಳಲ್ಲಿ ಒಲೆಯ ಮೇಲೆಯೇ ಬೆಳಕಿಂಡಿ ಇರುತ್ತಿತ್ತು, ಹೊಗೆಗೆ ದಾರಿ ಇತ್ತು. ಮಾಳಿಗೆ ಕೆಡವಿ ಸಿಮೆಂಟಿನ ಸ್ಲ್ಯಾಬು ಹಾಕಿದಾಗ ಬೆಳಕಿಂಡಿ ಮುಚ್ಚಿತು; ಒಲೆ ಮಾತ್ರ ಇದ್ದಲ್ಲಿಯೇ ಉಳಿಯಿತು. ಮನೆ ಕಟ್ಟುವಾಗ ದೇವರ ಕೋಣೆ ಯಾವ ದಿಕ್ಕಿಗೆ ಎಂದು ಹತ್ತು ಜನರನ್ನು ಕೇಳುವವರು ಹೊಗೆ ಯಾವ ದಿಕ್ಕಿಗೆ ಎಂದು ಒಬ್ಬರನ್ನಾದರೂ ಕೇಳಬೇಕಿತ್ತು.

ಮೊದಲು ಹಸಿ ಕಟ್ಟಿಗೆಯ ಲೆಕ್ಕ ನೋಡೋಣ. ಆಗತಾನೆ ಕಡಿದ ಕಟ್ಟಿಗೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ನೀವು ಹತ್ತು ಕಿಲೋ ಹೊತ್ತು ತಂದರೆ ಐದು ಕಿಲೋ ನೀರು ಹೊತ್ತಂತೆ. ಒಂದು ಕಿಲೋ ನೀರನ್ನು ಕಾಯಿಸಿ ಆವಿ ಮಾಡಲು ಸುಮಾರು 600 ಕಿಲೋ ಕ್ಯಾಲರಿ ಶಾಖ ಬೇಕು. ಐದು ಕಿಲೋಕ್ಕೆ 3,000 ಆಯಿತು. ಉಳಿದ ಐದು ಕಿಲೋ ಕಟ್ಟಿಗೆಯಲ್ಲಿ ಇರುವ ಶಾಖ 22,000 ಚಿಲ್ಲರೆ. ಅಂದರೆ ಏಳೆಂಟರಲ್ಲಿ ಒಂದು ಪಾಲು ಹೋಯಿತು, ಅಷ್ಟೇ ತಾನೆ ಎನ್ನಬಹುದು. ಅಷ್ಟೇ ಆಗಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ನೀರು ಆವಿಯಾಗುವ ತನಕ ಒಲೆಯ ಬಾಯಿ ಬಿಸಿಯೇರುವುದಿಲ್ಲ. ಒಲೆ ಬಿಸಿಯಿಲ್ಲದಿದ್ದರೆ ಕಟ್ಟಿಗೆಯಿಂದ ಹೊರಬಂದ ಅನಿಲಗಳು ಉರಿಯಾಗುವುದಿಲ್ಲ, ಹೊಗೆಯಾಗಿ ಹೋಗುತ್ತವೆ. ಕಣ್ಣಲ್ಲಿ ನೀರು ತರಿಸುವ ಆ ಹೊಗೆ ಉರಿಯದೆ ಉಳಿದ ಉರುವಲೇ. ಊದುಗೊಳವೆ ಹಿಡಿದು ಊದಿ ಊದಿ ಸುಸ್ತಾಗುವ ನಿಮ್ಮ ಮನೆಯವರು ಊದುತ್ತಿರುವುದು ನೀವು ಹೊತ್ತು ತಂದ ಕಟ್ಟಿಗೆಯನ್ನು ಗಾಳಿಗೆ ತೂರುವ ಕೆಲಸ.

ಒಳ್ಳೆಯ ಒಲೆ ಇದ್ದರೂ ಇದು ತಪ್ಪದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ವಿಭಾಗದವರು ಮುಂದೆ ಅಸ್ತ್ರ ಒಲೆಯನ್ನು ರೂಪಿಸಿದರು. ಎಂಬತ್ತರ ದಶಕದಲ್ಲಿ ಅದು ನಮ್ಮ ಹಳ್ಳಿಗಳಿಗೂ ಬಂದಿತು. ಮೂರು ಪಾತ್ರೆ ಇಡುವ, ಹೊಗೆ ಕೊಳವೆಯುಳ್ಳ ಸೊಗಸಾದ ಒಲೆ. ಹಸಿ ಕಟ್ಟಿಗೆ ಹಾಕಿದ ಮನೆಗಳಲ್ಲಿ ಇಂಥ ಕೊಳವೆಯೊಳಗೆ ಇಲ್ಲಣ ಅಂಟಂಟಾಗಿ ಕಟ್ಟಿಕೊಳ್ಳುತ್ತದೆ, ಹೊಗೆ ತಿರುಗಿ ಒಳಗೇ ಬರುತ್ತದೆ. ಆಗ ಒಲೆಯನ್ನು ಬೈದು ಒಡೆದು ಹಾಕಿದವರು ಉಂಟು.

ಹಾಗಾದರೆ ಯಾವುದನ್ನು ಒಟ್ಟಬೇಕು? ನಮ್ಮ ಸೀಮೆಗೆ ದೇವರು ಕಾಡು ಕೊಟ್ಟಿಲ್ಲ. ವರ್ಷಕ್ಕೆ ಆರು ನೂರು ಮಿಲಿಮೀಟರ್ ಆಸುಪಾಸಿನ ಮಳೆ, ಬಯಲು ಎರೆಭೂಮಿ. ಆದರೆ ತೊಗರಿ ಕೊಟ್ಟಿದ್ದಾನೆ. ಡಿಸೆಂಬರ್, ಜನವರಿಯಲ್ಲಿ ತೊಗರಿ ಬಡಿದಾದ ಮೇಲೆ ಉಳಿಯುವ ಕಟ್ಟಿಗೆ ಉತ್ತಮ ಉರುವಲು. ಬೆರಳು ದಪ್ಪದ್ದಾದ್ದರಿಂದ ಬೇಗ ಒಣಗುತ್ತದೆ, ಸೀಳುವ ಶ್ರಮವಿಲ್ಲ, ಉರಿ ನೇರವಾಗಿ ಹಂಚಿಗೆ ತಾಗುತ್ತದೆ. ರೊಟ್ಟಿಗೆ ಇದನ್ನು ಮೀರಿಸಿದ್ದಿಲ್ಲ. ಹೊಲದಲ್ಲಿಯೇ ಬೆಂಕಿ ಹಚ್ಚಿ ಬರುವ ರೂಢಿ ಈಚೆಗೆ ಬೆಳೆಯುತ್ತಿದೆ. ಅದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. 2022ರ ಹಂಗಾಮಿನಲ್ಲಿ ಕಲಬುರಗಿ, ವಿಜಯಪುರ ಜಿಲ್ಲೆಗಳಲ್ಲಿ ನೆಟೆ ರೋಗ ತೊಗರಿಯನ್ನು ನಿಂತಲ್ಲಿಯೇ ಒಣಗಿಸಿತು. ಅಂಥ ಗಿಡಗಳನ್ನು ಬೇರುಸಹಿತ ಕಿತ್ತು ಒಲೆಗೆ ಹಾಕಿದರೆ ಎರಡು ಲಾಭ: ಉರುವಲೂ ಆಯಿತು, ಬೇರಿನಲ್ಲಿರುವ ರೋಗ ಹೊಲದಲ್ಲಿ ಅಷ್ಟು ಕಡಿಮೆಯೂ ಆಯಿತು. ನೆಟೆಯ ಬೂಷ್ಟು ಮನುಷ್ಯರಿಗೆ ಅಂಟುವ ರೋಗವಲ್ಲ, ಒಲೆಗೆ ಹಾಕಲು ಅಂಜಬೇಕಿಲ್ಲ.

ಹತ್ತಿ ಕಟ್ಟಿಗೆಯ ಮಾತು ಬೇರೆ. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯವರು ಇದನ್ನು ವಿಶೇಷವಾಗಿ ಗಮನಿಸಬೇಕು. ಕಟ್ಟಿಗೆಯಲ್ಲಿ ಒಡೆಯದೆ ಉಳಿದ ಕಾಯಿಗಳೊಳಗೆ ಗುಲಾಬಿ ಕಾಯಿಕೊರಕದ ಹುಳು ಮಲಗಿರುತ್ತದೆ. ಮುಂದಿನ ಬಿತ್ತನೆಯ ತನಕ ಹಿತ್ತಲಲ್ಲಿ ಕಾಪಿಟ್ಟು, ಮತ್ತೆ ಹೊಲಕ್ಕೆ ನೀವೇ ಕಳಿಸಿಕೊಟ್ಟಂತೆ. ಆದ್ದರಿಂದ ಹತ್ತಿ ಕಟ್ಟಿಗೆಯನ್ನು ಬಣವೆ ಒಟ್ಟಬೇಡಿ. ಕಾಯಿ ಉದುರಿಸಿ ಸುಟ್ಟು, ಕಟ್ಟಿಗೆಯನ್ನು ಬೇಸಿಗೆಯೊಳಗೇ ಬಚ್ಚಲೊಲೆಗೆ ಉರಿಸಿ ಮುಗಿಸಿರಿ. ಬೆಳೆಯ ಕೊನೆಗೆ ಔಷಧಿ ಹೊಡೆದಿದ್ದರೆ ಅದನ್ನು ಅಡಿಗೆಯ ಒಲೆಗೆ ತರುವುದೇ ಬೇಡ.

ದಪ್ಪ ಕಟ್ಟಿಗೆಯಲ್ಲಿ ನಮ್ಮ ಕರಿಜಾಲಿಗೆ ಸಮನಾದದ್ದಿಲ್ಲ. ಒಣಗಿದ ಜಾಲಿಯ ಒಂದು ಕಿಲೋದಲ್ಲಿ 4,800 ಕಿಲೋ ಕ್ಯಾಲರಿಯಷ್ಟು ಶಾಖವಿದೆ. ಕೆಂಡ ನಿಲ್ಲುತ್ತದೆ, ಹೊಗೆ ಕಡಿಮೆ. ಆದರೆ ಬದುವಿನ ಜಾಲಿಯನ್ನು ಬುಡಸಹಿತ ಕಡಿಯಬೇಡಿ, ಟೊಂಗೆ ಸವರಿರಿ. ಮರ ಉಳಿದರೆ ನೇಗಿಲಿಗೂ ಆಯಿತು, ಆಡಿಗೂ ಆಯಿತು. ಬಳ್ಳಾರಿ ಜಾಲಿಯನ್ನು ಬೈಯುವವರೇ ಎಲ್ಲ. 1870ರ ದಶಕದಲ್ಲಿ ಹೊರದೇಶದಿಂದ ತಂದು ಬಿತ್ತಿದ ಈ ಮುಳ್ಳುಕಂಟಿ ಈಗ ಹಳ್ಳ, ಗಾಯರಾಣ, ಕೆರೆಯಂಗಳ ಎಲ್ಲವನ್ನೂ ನುಂಗಿದೆ. ಬೈಯುವುದರ ಬದಲು ಉರಿಸಿರಿ ಎಂಬುದು ನನ್ನ ಮತ. ಗಟ್ಟಿ ಕಟ್ಟಿಗೆ, ಒಳ್ಳೆಯ ಕೆಂಡ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಲ್ಲಿ ನಿಮ್ಮ ಸ್ವಂತ ಜಮೀನಿನಲ್ಲಿ ಕಡಿಯಲು ಅನುಮತಿ ಬೇಡದ ಮರಗಳ ಪೈಕಿ ಇದೂ ಒಂದು. ಒಂದೇ ಎಚ್ಚರಿಕೆ: ಮುಳ್ಳು ಮುರಿದು ಕಾಲಲ್ಲಿ ಉಳಿದರೆ ಕೀವಾಗಿ ತಿಂಗಳುಗಟ್ಟಲೆ ಕಾಡುತ್ತದೆ. ಮುಳ್ಳು ಸವರಿ ಅಲ್ಲಿಯೇ ಬಿಟ್ಟು ಬೊಡ್ಡೆಯನ್ನಷ್ಟೇ ತನ್ನಿರಿ.

ಇಂಡಿ ತಾಲ್ಲೂಕಿನವರಿಗೆ ಲಿಂಬೆಯ ಒಣ ಟೊಂಗೆ ಧಾರಾಳ ಸಿಗುತ್ತದೆ. ಗಟ್ಟಿ ಕಟ್ಟಿಗೆ, ಒಂದು ಮಳೆಗಾಲದ ನೀರುಂಡು ಮತ್ತೆ ಒಣಗಿದ ಟೊಂಗೆಗೆ ಅಡ್ಡಿಯಿಲ್ಲ. ಬೇವು ಚೆನ್ನಾಗಿ ಒಣಗಿದರೆ ಬಚ್ಚಲೊಲೆಗೆ ಆದೀತು. ಭೀಮಾ ತೀರದ ಕಬ್ಬಿನ ರವದಿ ಭುಗ್ಗೆಂದು ಉರಿದು ಹೋಗುತ್ತದೆ, ಹೊತ್ತಿಸಲಿಕ್ಕೆ ಮಾತ್ರ ತಕ್ಕದ್ದು. ಅದರ ನಿಜವಾದ ಜಾಗ ಕಬ್ಬಿನ ಸಾಲಿನಲ್ಲಿದೆ. ಕುಳ್ಳಿನ ಬಗ್ಗೆ ಹೇಳಿದರೆ ಅತ್ತೆಯಂದಿರಿಗೆ ಸಿಟ್ಟು ಬಂದೀತು. ಆದರೂ ಹೇಳುತ್ತೇನೆ: ಕುಳ್ಳಿನ ಹೊಗೆ ಕಟ್ಟಿಗೆಯ ಹೊಗೆಗಿಂತ ದಟ್ಟ, ಶಾಖ ಕಡಿಮೆ. ಸೆಗಣಿಗಾಗಿ ಹೊಲ ಬಾಯಿ ತೆರೆದು ಕೂತಿದೆ. ಕಟ್ಟಿಗೆಯ ಬಣವೆ ಇದ್ದ ಮನೆಗೆ ಕುಳ್ಳು ಬೇಕಾಗುವುದೂ ಕಡಿಮೆ.

ದ್ರಾಕ್ಷಿ ಕಡ್ಡಿಯ ವಿಷಯಕ್ಕೆ ಬರೋಣ. ನಮ್ಮ ಭಾಗದಲ್ಲಿ ತೋಟ ಹೆಚ್ಚಾದಂತೆ ಎಪ್ರಿಲ್ ಮತ್ತು ಅಕ್ಟೋಬರ್ ಚಾಟಣಿಯಲ್ಲಿ ಕಡ್ಡಿ ಗಾಡಿಗಟ್ಟಲೆ ಬೀಳುತ್ತದೆ. ತೋಟದ ಮಾಲೀಕರು ಪುಕ್ಕಟೆ ಕೊಡುತ್ತಾರೆ, ಕೂಲಿಗೆ ಹೋದವರು ತಲೆಮೇಲೆ ಹೊತ್ತು ತರುತ್ತಾರೆ. ಒಂದು ಹಂಗಾಮಿನಲ್ಲಿ ಆ ಕಡ್ಡಿಗೆ ಎಷ್ಟು ಸಲ ಔಷಧಿ ಹೊಡೆದಿದೆ ಎಂಬುದನ್ನು ಹೊಡೆದವರೇ ಬಲ್ಲರು. ಬೋರ್ಡೋ ದ್ರಾವಣದಲ್ಲಿರುವುದು ಮೈಲುತುತ್ತ, ಅಂದರೆ ತಾಮ್ರ. ಉಳಿದ ಔಷಧಿಗಳು ಬೆಂಕಿಯಲ್ಲಿ ಒಡೆದು ಏನೇನೋ ಆಗಬಹುದು. ತಾಮ್ರ ಮಾತ್ರ ಸುಟ್ಟು ಇಲ್ಲವಾಗುವ ವಸ್ತುವಲ್ಲ, ಬೂದಿಯಲ್ಲಿ ಉಳಿಯುತ್ತದೆ. ಆ ಬೂದಿಯಿಂದ ನೀವು ತಾಟು ತಂಬಿಗೆ ಬೆಳಗುತ್ತೀರಿ. ನನ್ನ ಅಭಿಪ್ರಾಯ ಕೇಳಿದರೆ ದ್ರಾಕ್ಷಿ, ದಾಳಿಂಬೆ ಕಡ್ಡಿಗಳು ಅಡಿಗೆಮನೆಗೆ ಬರಲೇಬಾರದು. ತೋಟದವರು ಅವನ್ನು ಪುಡಿ ಮಾಡಿಸಿ ಗೊಬ್ಬರದ ಗುಂಡಿಗೆ ಹಾಕುವುದು ಮೇಲು. ಬಡವರಿಗೆ ದಾನ ಮಾಡಿದೆವೆಂದು ಹೇಳಿಕೊಳ್ಳುವುದು ಬೇಡ.

ಗಿಡಗಳಲ್ಲಿಯೇ ವಿಷವುಳ್ಳವು ಕೆಲವು ಇವೆ. ಮನೆಯ ಮುಂದಿನ ಕಣಗಲ ಹೂ ದೇವರಿಗೆ ಸಲ್ಲುತ್ತದೆ, ಅದರ ಟೊಂಗೆ ಒಲೆಗೆ ಸಲ್ಲದು. ಎಲೆ, ತೊಗಟೆ, ಕಾಂಡ ಎಲ್ಲದರಲ್ಲಿಯೂ ಗುಂಡಿಗೆಯನ್ನು ಕೆಡಿಸುವ ವಿಷವಿದೆ. ಬೇಲಿಯ ಕಳ್ಳಿ, ಎಕ್ಕೆ ಇವುಗಳ ಹಾಲು ಕಣ್ಣಿಗೆ ಬಿದ್ದರೆ ಏನಾಗುತ್ತದೆಂದು ಬಲ್ಲಿರಿ; ಹೊಗೆಯೂ ಕಣ್ಣು ಗಂಟಲನ್ನು ಸುಡುತ್ತದೆ. ಮದ್ದುಗುಣಿಕೆ, ಅಂದರೆ ದತ್ತೂರಿ. ಉಬ್ಬಸಕ್ಕೆ ಇದರ ಎಲೆಯನ್ನು ಸೇದುವ ಪದ್ಧತಿ ಹಿಂದೆ ಇತ್ತು. ಹೊಗೆಯ ಮೂಲಕವೂ ಅದರ ಮದ್ದು ಮೈಗೇರುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಕಂಟಿ ಸವರಿ ಹೊರೆ ಕಟ್ಟುವಾಗ ಇವು ನಡುವೆ ಸೇರಿಕೊಂಡು ಬರುತ್ತವೆ, ಹೊರೆ ಬಿಚ್ಚಿ ನೋಡಿರಿ. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕೇರುಬೀಜದ ಮರ ನಮ್ಮಲ್ಲಿ ಅಪರೂಪ; ಕಾಡುಸೀಮೆಯಿಂದ ಬಂದ ಲಾರಿ ಕಟ್ಟಿಗೆಯಲ್ಲಿ ಬಂದರೆ ಮುಟ್ಟಬೇಡಿ. ಮೈಯೆಲ್ಲ ಬೊಕ್ಕೆ ಏಳುತ್ತವೆ, ಹೊಗೆಯಿಂದಲೂ ಏಳಬಹುದು.

ಇವೆಲ್ಲಕ್ಕಿಂತ ಹೆಚ್ಚಿನ ಅಪಾಯ ಊರಿನಿಂದ ಬರುವ ಹಾಳು ಕಟ್ಟಿಗೆಯದು. ವಿಜಯಪುರ, ಸೊಲ್ಲಾಪುರ ಎರಡೂ ಕಡೆಯ ಸಾಮಾನು ನಮ್ಮ ಹೆದ್ದಾರಿಯ ಮೇಲೆ ಹಾಯುತ್ತದೆ. ಯಂತ್ರ ಬಂದ ಪೆಟ್ಟಿಗೆ, ಒಡೆದ ಪ್ಲೈವುಡ್, ಹಳೇ ಬಾಗಿಲು ಚೌಕಟ್ಟು ಅಗ್ಗಕ್ಕೆ ಸಿಗುತ್ತವೆ, ಒಣಗಿಯೂ ಇರುತ್ತವೆ, ಆದ್ದರಿಂದಲೇ ಮೋಸ. ಪ್ಲೈವುಡ್ ಎಂಬುದು ಅಂಟಿನಿಂದ ಕೂಡಿಸಿದ ಹಲಗೆ, ಆ ಅಂಟಿನಿಂದ ಫಾರ್ಮಾಲ್ಡಿಹೈಡ್ ಎಂಬ ಕೆಟ್ಟ ಅನಿಲ ಹೊರಡುತ್ತದೆ. ಹಳೇ ಬಾಗಿಲಿನ ಬಣ್ಣದಲ್ಲಿ ಸೀಸ ಇರಬಹುದು. ಮನೆಬಳಕೆಯ ಬಣ್ಣಕ್ಕೆ ಸೀಸ ಬೆರೆಸುವುದನ್ನು ಸರಕಾರ ಕಟ್ಟುನಿಟ್ಟಾಗಿ ಮಿತಿಗೊಳಿಸಿದ್ದು 2017ರ ನವೆಂಬರಿನಿಂದ ಮಾತ್ರ. ನಿಮ್ಮ ಅಜ್ಜನ ಕಾಲದ ಹಸಿರು ಬಾಗಿಲಿಗೆ ಅದು ಅನ್ವಯಿಸುವುದಿಲ್ಲ. ಸೀಸ ಕೂಸುಗಳ ಬುದ್ಧಿಯನ್ನು ಕುಂದಿಸುತ್ತದೆ. ಗೆದ್ದಲು ಹಿಡಿಯದಂತೆ ಹಸಿರು ಮದ್ದು ಕುಡಿಸಿದ ಕಂಬಗಳಲ್ಲಿ ಪಾಷಾಣವೇ ಇರುವುದುಂಟು. ಹಳಿಯ ಅಡಿಯ ಹಳೇ ಸ್ಲೀಪರಿಗೆ ಡಾಂಬರಿನಂಥ ಎಣ್ಣೆ ಕುಡಿಸಿರುತ್ತಾರೆ. ಅದರ ಕಪ್ಪು ಹೊಗೆ ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ. ಬಣ್ಣ, ಅಂಟು, ಎಣ್ಣೆ ತಾಗಿದ ಯಾವ ಕಟ್ಟಿಗೆಯೂ ಒಲೆಗೆ ಬೇಡ, ಬಚ್ಚಲಿಗೂ ಬೇಡ.

ಹೊತ್ತಿಸಲಿಕ್ಕೆ ಪ್ಲಾಸ್ಟಿಕ್ ಚೀಲ, ಸೈಕಲ್ ಟಾಯರಿನ ತುಂಡು, ಹರಿದ ಪೈಪು ಉಪಯೋಗಿಸುವುದು ಈಗ ಮನೆಮನೆಯ ಮಾತಾಗಿದೆ. ಪೈಪಿನ ಪಿವಿಸಿ ಸುಟ್ಟರೆ ಉಪ್ಪಿನ ಆಮ್ಲದ ಹೊಗೆ ಹೊರಡುತ್ತದೆ, ಜೊತೆಗೆ ಡಯಾಕ್ಸಿನ್ ಎಂಬ ಘೋರ ವಿಷ. ಅದು ಆಕಳ ಹಾಲಿನಲ್ಲಿಯೂ ಸೇರಬಲ್ಲದು. ಒಣಗಿದ ಕಣಿಕೆಯ ಒಂದು ಹಿಡಿ, ತೊಗರಿಯ ಪುಳ್ಳೆ ಇದ್ದರೆ ಒಂದೇ ಕಡ್ಡಿಗೆ ಹೊತ್ತುತ್ತದೆ. ಪೆಟ್ರೋಲು ಸುರುವಿ ಹೊತ್ತಿಸುವವರಿಗೆ ನಾನು ಹೇಳುವುದೇನೂ ಇಲ್ಲ, ಆಸ್ಪತ್ರೆಯವರು ಹೇಳುತ್ತಾರೆ.

ಬಾಣಂತಿಯ ಕೋಣೆಯ ಬಗ್ಗೆ ಬಿಡಿಸಿ ಹೇಳಬೇಕು. ಹೊರಸಿನ ಕೆಳಗೆ ಅಗ್ಗಿಷ್ಟಿಕೆ ಇಟ್ಟು, ಕೆಂಡದ ಮೇಲೆ ಅಜವಾನ, ಲೋಬಾನ ಹಾಕಿ, ಕಿಟಕಿಗೆ ಗೋಣಿ ಕಟ್ಟಿ, ಗಾಳಿ ಸೋಕಬಾರದೆಂದು ಬಾಗಿಲು ಹಾಕುತ್ತೇವೆ. ನಮ್ಮ ಕಡೆ ಡಿಸೆಂಬರಿನ ಚಳಿ ಕಡುಚಳಿ. ಬಾಣಂತಿಗೆ ಬೆಚ್ಚಗೆ ಬೇಕು, ಹೌದು. ಆದರೆ ಕೆಂಡದಿಂದ ಇಂಗಾಲದ ಮೊನಾಕ್ಸೈಡ್ ಎಂಬ ಅನಿಲ ಹೊರಡುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ಕಣ್ಣು ಉರಿಯುವುದಿಲ್ಲ. ಹೊಗೆ ಹೋಗಿ ಬರೀ ನಿಗಿನಿಗಿ ಕೆಂಡ ಉಳಿದಾಗ 'ಇನ್ನು ಭಯವಿಲ್ಲ' ಎಂದು ಒಳಗೆ ತರುತ್ತೇವಲ್ಲ, ಅದೇ ಹೊತ್ತಿನಲ್ಲಿ ಈ ಅನಿಲ ಧಾರಾಳ ಹೊರಡುತ್ತಿರುತ್ತದೆ. ತಲೆ ಸಿಡಿಯುವುದು, ವಾಕರಿಕೆ, ಮಂಪರು ಇದರ ಗುರುತು. ಮಂಪರಿನಲ್ಲಿ ಮಲಗಿದವರು ಏಳದಿರಬಹುದು. ಕೆಂಡ ಒಳಗಿದ್ದಷ್ಟು ಹೊತ್ತು ಕಿಟಕಿ ತೆರೆದಿರಬೇಕು, ಯಾರಾದರೂ ಎಚ್ಚರವಿರಬೇಕು, ಮಲಗುವ ಮುಂಚೆ ಅಗ್ಗಿಷ್ಟಿಕೆ ಹೊರಗೆ ಹೋಗಬೇಕು. ಅದಕ್ಕಿಂತ ಬಿಸಿನೀರಿನ ಚೀಲ, ಕಂಬಳಿ, ಬಿಸಿಲು ಬೀಳುವ ಪಡಸಾಲೆ ಮೇಲು. ಅತ್ತೆಗೆ ಸೊಸೆ ಇದನ್ನು ಹೇಳಲಾರಳು. ಮನೆಯ ಯಜಮಾನರು ನೀವೇ ಹೇಳಬೇಕು.

ಇನ್ನು ಬಣವೆ ಹೇಗೆ? ಜಾಲಿಯ ಬೊಡ್ಡೆಯನ್ನು ಕಡಿದ ವಾರದೊಳಗೇ ಸೀಳಿಸಿರಿ. ಒಣಗಿದ ಮೇಲೆ ಕೊಡಲಿ ಹಿಡಿದವನಿಗೆ ಬೆವರು, ಸೀಳದೆ ಬಿಟ್ಟರೆ ತೊಗಟೆಯೊಳಗೆ ನೀರು ಹಾಗೇ ಉಳಿಯುತ್ತದೆ. ಮುಂಗೈ ದಪ್ಪ, ಒಂದೂವರೆ ಮೊಳ ಉದ್ದ ಸಾಕು. ಎರೆಮಣ್ಣಿನ ಮೇಲೆ ನೇರವಾಗಿ ಒಟ್ಟಬೇಡಿ, ಒಂದು ಸಾಲು ಕಲ್ಲು ಹಾಕಿರಿ. ಗಾಳಿ ಬೀಸುವ ದಿಕ್ಕಿಗೆ ಬಣವೆಯ ಅಗಲ ಮೈ ಇರಲಿ. ಮೇಲೆ ಮಾತ್ರ ತಗಡು ಅಥವಾ ತಾಡಪತ್ರೆ ಹೊದಿಸಿ, ಮಗ್ಗುಲು ತೆರೆದಿರಲಿ. ಸುತ್ತಲೂ ಮುಚ್ಚಿದರೆ ಒಳಗೆ ಬೆವತು ಬೂಷ್ಟು ಹಿಡಿಯುತ್ತದೆ. ಮಾರ್ಚಿನಿಂದ ಮೇ ತನಕ ನಮ್ಮ ಬಿಸಿಲು ನಲವತ್ತು ಡಿಗ್ರಿಗೆ ಏರುತ್ತದೆ. ಬೇರೆಯವರು ರೊಕ್ಕ ಕೊಟ್ಟು ಯಂತ್ರದಲ್ಲಿ ಒಣಗಿಸುವುದನ್ನು ನಮಗೆ ಸೂರ್ಯ ಪುಕ್ಕಟೆ ಮಾಡಿಕೊಡುತ್ತಾನೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದ್ದನ್ನು ಕಂಡ ತೀರದ ಊರಿನವರು ಬಣವೆಯ ಜಾಗವನ್ನು ದಿಬ್ಬದ ಮೇಲೆ ನೋಡಿಕೊಳ್ಳಲಿ.

ಒಣಗಿತೋ ಇಲ್ಲವೋ ತಿಳಿಯಲು ಎರಡು ತುಂಡು ಒಂದಕ್ಕೊಂದು ಬಡಿಯಿರಿ. ಟಣ್ ಎಂದರೆ ಒಣಗಿದೆ, ದಬ್ ಎಂದರೆ ಇಲ್ಲ. ತುದಿಯಲ್ಲಿ ಬಿರುಕು ಕಾಣಬೇಕು, ತೊಗಟೆ ಸಡಿಲವಾಗಿರಬೇಕು. ಇನ್ನೂ ಖಾತ್ರಿ ಬೇಕಿದ್ದರೆ ಒಂದು ತುಂಡಿಗೆ ಗುರುತು ಹಾಕಿ ವಾರಕ್ಕೊಮ್ಮೆ ತಕ್ಕಡಿಗೆ ಹಾಕಿರಿ. ತೂಕ ಇಳಿಯುವುದು ನಿಂತಿತೆಂದರೆ ಒಣಗಿತು.

ಬಣವೆಯನ್ನು ಗೋಡೆಗೆ ತಾಗಿಸಿ ಒಟ್ಟಬಾರದು, ಮನೆಯಿಂದ ಹತ್ತಿಪ್ಪತ್ತು ಹೆಜ್ಜೆ ದೂರವಿರಲಿ. ಇಲಿ ಬಂದಲ್ಲಿ ಹಾವು ಬರುತ್ತದೆ, ಚೇಳಂತೂ ಇದ್ದೇ ಇರುತ್ತದೆ. ನಸುಕಿನಲ್ಲಿ ಕಟ್ಟಿಗೆಗೆ ಕೈ ಹಾಕುವವರು ಹೆಣ್ಣುಮಕ್ಕಳೇ. ಒಂದು ದಿನಕ್ಕೆ ಬೇಕಾದಷ್ಟನ್ನು ಹಿಂದಿನ ಸಂಜೆ ಬೆಳಕಿರುವಾಗಲೇ ಕೋಲಿನಿಂದ ಎಳೆದು, ಕೊಡವಿ, ಒಲೆಯ ಹತ್ತಿರ ತಂದಿಡುವುದು ಗಂಡಸರಿಗೆ ಭಾರವಾದ ಕೆಲಸವಲ್ಲ. ಅಲ್ಲಿ ಒಲೆಯ ಕಾವಿಗೆ ಅದು ಇನ್ನಷ್ಟು ಗರಿಯಾಗುತ್ತದೆ. ಕಿಡಿ ಹಾರಿ ತಾಗದಷ್ಟು ದೂರವಿಟ್ಟರಾಯಿತು.

ಕಡೆಗೆ ಬೂದಿ. ತೊಗರಿ, ಜಾಲಿಯ ಬೂದಿ ಪಾತ್ರೆ ಬೆಳಗಲಿಕ್ಕೆ, ಬೀಜದ ಕಾಳಿಗೆ ಬೆರೆಸಲಿಕ್ಕೆ, ಹಿತ್ತಲಿನ ಬಳ್ಳಿಗೆ ಹಾಕಲಿಕ್ಕೆ ಎಲ್ಲಕ್ಕೂ ಆಗುತ್ತದೆ. ನಮ್ಮ ಎರೆಭೂಮಿ ಮೊದಲೇ ಕ್ಷಾರದ್ದು, ಅದಕ್ಕೆ ಬೂದಿಯನ್ನು ಬುಟ್ಟಿಗಟ್ಟಲೆ ಸುರಿಯಬೇಡಿ. ಈ ಮೊದಲೇ ದ್ರಾಕ್ಷಿ ಕಡ್ಡಿ, ಬಣ್ಣದ ಹಲಗೆ ಸುಟ್ಟಿದ್ದರೆ ಆ ಬೂದಿಯನ್ನು ಪಾತ್ರೆಗೂ ಹಿತ್ತಲಿಗೂ ತರದೆ, ಬಾವಿಯಿಂದ ದೂರ ತಗ್ಗು ತೋಡಿ ಮುಚ್ಚಿರಿ. ಒಲೆಯನ್ನು ಬಳಿದು ಸಾರಿಸಿ, ತೊಗರಿ ಕಟ್ಟಿಗೆಯಿಂದ ಹೊಸದಾಗಿ ಹೊತ್ತಿಸಿರಿ.